ಟವೆಲ್ ಕೆಳಗಿನ ಬೆರಳು, ಷೋರೂಮಿನ ಕೊಟೇಷನ್

ಶಿವರಾತ್ರಿಯ ಸುಮಾರಿಗೆ ತುಮಕೂರಿನ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಗೆ ಹೋದವರು ಈ ನೋಟವನ್ನು ಕಂಡಿರಲೇಬೇಕು. ಹಳ್ಳಿಕಾರ್ ಜೋಡಿಯೊಂದರ ಪಕ್ಕದಲ್ಲಿ ಇಬ್ಬರು ನಿಂತಿರುತ್ತಾರೆ. ಇಬ್ಬರ ಬಲಗೈಗಳೂ ಒಂದು ಟವೆಲಿನ ಕೆಳಗೆ ಮರೆಯಾಗಿರುತ್ತವೆ. ಬಾಯಿಂದ ಮಾತಿಲ್ಲ, ಒಬ್ಬ ತಲೆ ಅಲ್ಲಾಡಿಸುತ್ತಾನೆ, ಇನ್ನೊಬ್ಬ ಎತ್ತಿನ ಬೆನ್ನು ಸವರುತ್ತಾನೆ. ಟವೆಲಿನ ಒಳಗೆ ವ್ಯಾಪಾರ ನಡೆಯುತ್ತಿದೆ. ಒಂದು ಬೆರಳು ಹಿಡಿದರೆ ಒಂದು, ಐದನ್ನೂ ಹಿಡಿದರೆ ಐದು. ಅದು ಸಾವಿರವೋ, ಹತ್ತು ಸಾವಿರವೋ ಎಂಬುದು ಎದುರಿಗಿರುವ ಎತ್ತನ್ನು ನೋಡಿದ ಇಬ್ಬರಿಗೂ ಗೊತ್ತು. ಸುತ್ತ ನೆರೆದ ಹತ್ತು ಮಂದಿಗೆ ಮಾತ್ರ ಗೊತ್ತಾಗುವುದಿಲ್ಲ.

ಈ ಮರೆ ಏಕೆ? ಬೆಲೆ ಹೊರಬಿದ್ದರೆ ಮಾರುವವನಿಗೆ ಮುಂದಿನ ಗಿರಾಕಿಯ ಹತ್ತಿರ ಹೆಚ್ಚು ಕೇಳಲು ಆಗುವುದಿಲ್ಲ. ಕೊಳ್ಳುವವನಿಗೂ ಅಷ್ಟೇ, ಕಡಿಮೆಗೆ ಕೇಳಿದನೆಂಬ ಮಾತು ಬರುವುದು ಬೇಕಿಲ್ಲ. ನಡುವೆ ನಿಂತ ದಲ್ಲಾಳಿಗಂತೂ ಈ ಕತ್ತಲೆಯೇ ಬಂಡವಾಳ. ಇವನ ಕೈಯಲ್ಲಿ ಒಂದು ಬೆಲೆ, ಅವನ ಕೈಯಲ್ಲಿ ಇನ್ನೊಂದು ಬೆಲೆ ಹಿಡಿದು, ನಡುವಣ ಅಂತರವನ್ನು ತನ್ನ ಜೇಬಿಗೆ ಇಳಿಸುವ ದಲ್ಲಾಳಿಗಳ ಕಥೆ ಎಲ್ಲ ಊರುಗಳಲ್ಲೂ ಇದೆ.

ಅಡಿಕೆ, ಕೊಬ್ಬರಿಯ ವ್ಯಾಪಾರದಲ್ಲಿ ಈ ಗುಟ್ಟಿಗೆ ಕಾನೂನು ಕಡಿವಾಣ ಹಾಕಿತು. 1800ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ದೊಡ್ಡ ವ್ಯಾಪಾರಸ್ಥಳವೆಂದು ಗುರುತಿಸಿದ ಊರು ಗುಬ್ಬಿ. ಇಂದು ಗುಬ್ಬಿ ಎಂದೊಡನೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ, ಆದರೆ ಅದಕ್ಕೂ ಬಹಳ ಹಿಂದೆಯೇ ಅದು ಸಂತೆಯ ಊರು. ಅಂಥ ಊರಿನ ಬೆಳೆಗಾರ ತನ್ನ ಮಾಲಿಗೆ ಯಾರು ಎಷ್ಟು ಕೂಗಿದರು ಎಂದು ತಿಳಿಯುವ ಹಕ್ಕು ಪಡೆದದ್ದು ನಿಯಂತ್ರಿತ ಮಾರುಕಟ್ಟೆಗಳು ಬಂದ ಮೇಲೆ. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯ ಅಡಿಯ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜು, ಟೆಂಡರ್ ಪದ್ಧತಿಗಳು ಬೇರೂರಿದವು.

ವಿಪರ್ಯಾಸ ಇರುವುದು ಇಲ್ಲಿಯೇ. ಬಹಿರಂಗ ಹರಾಜಿನಲ್ಲಿ ಅಡಿಕೆ ಮಾರಿದ ಅದೇ ಬೆಳೆಗಾರ ಆ ದುಡ್ಡು ಹಿಡಿದು ತುಮಕೂರಿನ ಕಾರಿನ ಷೋರೂಮಿಗೆ ಬಂದರೆ ಮತ್ತೆ ಟವೆಲಿನ ಕೆಳಗೇ ಕೈ ಇಡಬೇಕು. ಕಾರಿಗೂ ಬೆಲೆ ಇದೆ, ಅಚ್ಚಾದ ಬೆಲೆಪಟ್ಟಿಯೂ ಇದೆ. ಆದರೆ ಹಿಂದಿನ ಗಿರಾಕಿಗೆ ಎಷ್ಟು ಬಿಟ್ಟುಕೊಟ್ಟರು ಎಂಬುದು ಅಲ್ಲಿಯ ಸೇಲ್ಸ್‌ಮನ್‌ಗೆ ಗೊತ್ತು, ನಮಗೆ ಗೊತ್ತಿಲ್ಲ. ಮಾತು ಮುಂದುವರಿದಂತೆ ಆತ ‘ಒಂದ್ನಿಮಿಷ ಸಾರ್, ಮ್ಯಾನೇಜರ್‌ನ ಕೇಳ್ಕೊಂಡು ಬರ್ತೀನಿ’ ಎಂದು ಗಾಜಿನ ಬಾಗಿಲಿನ ಆಚೆ ಹೋಗುತ್ತಾನೆ. ಜಾತ್ರೆಯ ಟವೆಲಿಗೂ ಆ ಗಾಜಿನ ಬಾಗಿಲಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಕಾರಿನ ಚೌಕಾಸಿ ನಮ್ಮಲ್ಲಿ ಹಳೆಯದಲ್ಲ ಎಂಬುದನ್ನೂ ಹೇಳಬೇಕು. ಅಂಬಾಸಿಡರ್, ಫಿಯಟ್‌ಗಳ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿತ್ತು. ಕಾರುಗಳ ಹಂಚಿಕೆಗೆಂದೇ 1959ರಲ್ಲಿ ಕೇಂದ್ರ ಸರ್ಕಾರದ ನಿಯಂತ್ರಣ ಆದೇಶವಿತ್ತು. ಹೊಸ ಕಾರು ಕೈಗೆ ಬಂದವನು ಅದನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಬಹುದಾಗಿದ್ದ ದಿನಗಳವು. 1983ರ ಡಿಸೆಂಬರ್ 14ರಂದು ಮಾರುತಿ 800 ಬಂದಾಗಲೂ ಜನ 10 ಸಾವಿರ ರೂಪಾಯಿ ಮುಂಗಡ ಕಟ್ಟಿ ಸರದಿ ಕಾದರು. ಕಾಯುವವನು ಚೌಕಾಸಿ ಮಾಡುವುದುಂಟೆ? 1993ರಲ್ಲಿ ಕಾರು ಉದ್ಯಮದ ಲೈಸೆನ್ಸ್ ಕಟ್ಟುಪಾಡು ಸಡಿಲಗೊಂಡು ಹಲವು ಕಂಪನಿಗಳು ಬಂದ ಮೇಲಷ್ಟೇ ಗಿರಾಕಿ ‘ಎಷ್ಟು ಬಿಡ್ತೀರಿ?’ ಎಂದು ಕೇಳುವಂತಾಯಿತು.

ಹಾಗೆ ಕೇಳುವುದೂ ಕೆಲವು ಕಡೆ ಕಂಪನಿಗಳಿಗೆ ಹಿಡಿಸಲಿಲ್ಲ. 2021ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ರಿಯಾಯಿತಿ ಕೊಡದಂತೆ ಡೀಲರ್‌ಗಳನ್ನು ತಡೆಯಲಾಗುತ್ತಿತ್ತು, ಗಿರಾಕಿಯ ವೇಷದಲ್ಲಿ ಜನರನ್ನು ಷೋರೂಮಿಗೆ ಕಳಿಸಿ ಪರೀಕ್ಷಿಸಿ, ತಪ್ಪಿದವರಿಗೆ ದಂಡ ಹಾಕಲಾಗುತ್ತಿತ್ತು ಎಂಬುದು ಆಯೋಗದ ತೀರ್ಮಾನ. ಕಂಪನಿ ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿತು. ಇಂಥದೇ ಆರೋಪದ ಮೇಲೆ 2017ರಲ್ಲಿ ಹ್ಯುಂಡೈಗೆ ವಿಧಿಸಿದ್ದ 87 ಕೋಟಿ ರೂಪಾಯಿ ದಂಡವನ್ನು ಮೇಲ್ಮನವಿ ನ್ಯಾಯಮಂಡಳಿ 2018ರಲ್ಲಿ ರದ್ದು ಮಾಡಿತ್ತು. ಅಂದರೆ ಸೇಲ್ಸ್‌ಮನ್ ‘ನಮ್ಮ ಕೈಲಿಲ್ಲ ಸಾರ್’ ಎಂದಾಗ ಅದು ಪ್ರತಿ ಸಲವೂ ನಾಟಕವಲ್ಲ.

ಹಾಗಾದರೆ ಅವನ ಕೈಲಿರುವುದು ಏನು? ಕೊಟೇಷನ್ ಹಾಳೆಯನ್ನು ಮೇಲಿಂದ ಕೆಳಕ್ಕೆ ಓದಿದರೆ ತಿಳಿಯುತ್ತದೆ. ಮೊದಲ ಸಾಲು ಎಕ್ಸ್ ಷೋರೂಮ್ ಬೆಲೆ. ಇದರೊಳಗೆ ಜಿಎಸ್‌ಟಿ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಇದು ಸಣ್ಣ ಕಾರುಗಳಿಗೆ ಶೇ 18, ದೊಡ್ಡವಕ್ಕೆ ಶೇ 40. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರು, 1500 ಸಿ.ಸಿ. ಮೀರದ ಡೀಸೆಲ್ ಕಾರು ‘ಸಣ್ಣದು’. ಎರಡನೆಯ ಸಾಲು ರಾಜ್ಯದ ಜೀವಾವಧಿ ತೆರಿಗೆ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ, ಅದರ ಮೇಲೆ ಸೆಸ್. ಏಳು ಲಕ್ಷದ ಕಾರಿಗೆ ಇದೊಂದೇ ಲಕ್ಷ ದಾಟುತ್ತದೆ. ಕಾರಿನ ಬೆಲೆ 10 ಲಕ್ಷ ಮೀರಿದರೆ ಶೇ 1 ಆದಾಯ ತೆರಿಗೆಯನ್ನೂ ಡೀಲರ್ ಹಿಡಿಯಬೇಕು. ಅದು ನಮ್ಮ ಹೆಸರಿಗೇ ಜಮೆಯಾಗುವ ಹಣ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಎಷ್ಟೋ ಜನ ಅದನ್ನು ಮರೆತೇಬಿಡುತ್ತಾರೆ.

ಈ ತೆರಿಗೆಗಳಲ್ಲಿ ಚೌಕಾಸಿಗೆ ಎಡೆಯಿಲ್ಲ. ಕಾರು ತುಮಕೂರಿನಲ್ಲಿ ಕೊಂಡರೂ, ಬೆಂಗಳೂರಿನಲ್ಲಿ ಕೊಂಡರೂ ರಾಜ್ಯದ ತೆರಿಗೆಯ ದರ ಒಂದೇ. ಎರಡು ಕೊಟೇಷನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಕಾಣುವ ವ್ಯತ್ಯಾಸವೆಲ್ಲ ಡೀಲರ್‌ನದು ಎಂದು ಇದರಿಂದ ಸುಲಭವಾಗಿ ತಿಳಿಯುತ್ತದೆ. ಕುಣಿಗಲ್ಲಿನವರಿಗೆ ಈ ಅನುಕೂಲ ಹೆಚ್ಚು. ಬೆಂಗಳೂರು-ಹಾಸನ ಹೆದ್ದಾರಿಯ ಮೇಲಿರುವ ಅವರಿಗೆ ಒಂದು ದಿಕ್ಕಿನಲ್ಲಿ ತುಮಕೂರು, ಇನ್ನೊಂದು ದಿಕ್ಕಿನಲ್ಲಿ ಬೆಂಗಳೂರು. ಎರಡೂ ಕಡೆಯ ಹಾಳೆ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಬಾಯಿಮಾತಿನ ‘ಅಲ್ಲಿ ಕಡಿಮೆ ಹೇಳಿದ್ರು’ ಎಂಬುದಕ್ಕೆ ಯಾವ ಷೋರೂಮಿನಲ್ಲೂ ಬೆಲೆಯಿಲ್ಲ.

ಹಾಳೆಯ ಕೆಳಭಾಗಕ್ಕೆ ಬಂದಂತೆ ಸಾಲುಗಳ ಬಣ್ಣ ಬದಲಾಗುತ್ತದೆ. ಹ್ಯಾಂಡ್ಲಿಂಗ್ ಚಾರ್ಜು, ಲಾಜಿಸ್ಟಿಕ್ಸ್, ಅಕ್ಸೆಸರಿ ಪ್ಯಾಕ್, ಪಾಲಿಷಿಂಗ್, ಹೆಚ್ಚುವರಿ ವಾರಂಟಿ, ವಿಮೆ. ಹ್ಯಾಂಡ್ಲಿಂಗ್ ಎನ್ನುವುದು ತೆರಿಗೆಯಲ್ಲ, ಸರ್ಕಾರಕ್ಕೆ ಹೋಗುವ ಹಣವೂ ಅಲ್ಲ. ಅದಕ್ಕೆ ಸಾರಿಗೆ ಇಲಾಖೆಯ ರಸೀದಿ ಕೇಳಿದರೆ ಸಾಕು, ಬಹಳ ಸಲ ಆ ಸಾಲು ತಾನಾಗಿ ಕರಗುತ್ತದೆ. ಇನ್ನು ವಿಮೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರಿಂದ ಕಡ್ಡಾಯ. ಕಾರಿನ ಹಾನಿಗೆ ಮಾಡಿಸುವ ವಿಮೆಯನ್ನು ವರ್ಷಕ್ಕೊಮ್ಮೆ ಬೇಕಾದ ಕಂಪನಿಯಿಂದ ಪಡೆಯಬಹುದು. ಷೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಅದೇ ರಕ್ಷಣೆಗೆ ಹೊರಗಿನ ದರ ತಂದು ತೋರಿಸಿದರೆ ಒಳಗಿನ ದರವೂ ಇಳಿಯುವುದುಂಟು.

ಡೀಲರ್ ಏಕೆ ಹೀಗೆ ಮಾಡುತ್ತಾನೆ ಎಂಬುದಕ್ಕೂ ಕಾರಣವಿದೆ. ಅವನನ್ನು ಖಳನಾಯಕನಂತೆ ಚಿತ್ರಿಸುವುದು ಸರಿಯಲ್ಲ. ನಮ್ಮ ದೇಶದಲ್ಲಿ ಕಾರಿನ ಮೇಲೆ ಡೀಲರ್‌ಗೆ ಉಳಿಯುವ ಪಾಲು ಬಹಳ ಕಡಿಮೆ. ಕನಿಷ್ಠ ಶೇ 7ರಷ್ಟಾದರೂ ಬೇಕೆಂದು ಡೀಲರ್‌ಗಳ ಒಕ್ಕೂಟ ಕೇಳುತ್ತ ಬಂದಿದೆ ಎಂದರೆ ಈಗಿರುವುದು ಅದಕ್ಕಿಂತ ಕಡಿಮೆ ಎಂದೇ ಅರ್ಥ. ಬಾಡಿಗೆ, ಸಂಬಳ, ಗೋದಾಮಿನಲ್ಲಿ ನಿಂತ ಕಾರುಗಳ ಮೇಲಿನ ಬಡ್ಡಿ ಎಲ್ಲವೂ ಅದರಲ್ಲೇ ಹೊರಡಬೇಕು. ಆದ್ದರಿಂದ ಕಾರಿನಲ್ಲಿ ಬಿಟ್ಟದ್ದನ್ನು ವಿಮೆಯಲ್ಲಿ, ಸೀಟ್ ಕವರಿನಲ್ಲಿ, ಸಾಲದಲ್ಲಿ ಹಿಂದಕ್ಕೆ ಪಡೆಯಲು ನೋಡುತ್ತಾನೆ.

ಇವುಗಳಲ್ಲಿ ಸಾಲವೇ ದೊಡ್ಡದು. ಗಿರಾಕಿ ಹತ್ತು ಸಾವಿರ ರಿಯಾಯಿತಿಗೆ ಅರ್ಧ ದಿನ ವಾದಿಸಿ ಗೆದ್ದು, ಸಾಲದ ಕಾಗದಕ್ಕೆ ಎರಡು ನಿಮಿಷದಲ್ಲಿ ಸಹಿ ಹಾಕುತ್ತಾನೆ. ಐದು ಲಕ್ಷ ಸಾಲ, ಐದು ವರ್ಷ ಎನ್ನಿ. ಒಬ್ಬರು ಶೇ 7 ಬಡ್ಡಿ ಎನ್ನುತ್ತಾರೆ, ಇನ್ನೊಬ್ಬರು ಶೇ 9. ಯಾವುದು ಅಗ್ಗ? ಏಳು ಎಂದು ಯಾರಾದರೂ ಹೇಳುತ್ತಾರೆ. ಆದರೆ ಆ ಏಳು ‘ಫ್ಲಾಟ್’ ದರವಾಗಿದ್ದರೆ, ಸಾಲ ತೀರುತ್ತ ಬಂದರೂ ಬಡ್ಡಿ ಮೊದಲಿನ ಐದು ಲಕ್ಷದ ಮೇಲೇ ಬೀಳುತ್ತದೆ. ವರ್ಷಕ್ಕೆ 35 ಸಾವಿರದಂತೆ ಐದು ವರ್ಷಕ್ಕೆ 1,75,000. ತಿಂಗಳ ಕಂತು 11,250 ರೂಪಾಯಿ. ಉಳಿದ ಸಾಲದ ಮೇಲಷ್ಟೇ ಬಡ್ಡಿ ಹಾಕುವ ಶೇ 9ರ ಸಾಲದಲ್ಲಿ ಕಂತು ಸುಮಾರು 10,380, ಒಟ್ಟು ಬಡ್ಡಿ 1,23,000ದ ಆಸುಪಾಸು. ವ್ಯತ್ಯಾಸ 52 ಸಾವಿರ! ಆ ಶೇ 7 ನಿಜವಾಗಿ ಶೇ 12.5ಕ್ಕೆ ಸಮ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬಡ್ಡಿ ಎಷ್ಟು ಎಂಬುದಲ್ಲ, ಕೊನೆಯ ಕಂತಿನ ಹೊತ್ತಿಗೆ ಒಟ್ಟು ಎಷ್ಟು ಕಟ್ಟಿರುತ್ತೇನೆ ಎಂಬುದು. ತನ್ನ ಬ್ಯಾಂಕಿನಲ್ಲಿ ಮೊದಲೇ ಸಾಲದ ಒಪ್ಪಿಗೆ ಪಡೆದು ಹೋದವನು ಷೋರೂಮಿನಲ್ಲಿ ನೆಮ್ಮದಿಯಾಗಿ ಕೂರಬಹುದು.

ಹಳೆಯ ಕಾರು ಕೊಟ್ಟು ಹೊಸದು ಕೊಳ್ಳುವುದು ಇನ್ನೊಂದು ಜಟಿಲ ಪ್ರಕರಣ. ಜಾತ್ರೆಯಲ್ಲೂ ಹಳೆಯ ಜೋಡಿ ಕೊಟ್ಟು, ಮೇಲೆ ಹಣ ಸೇರಿಸಿ ಹೊಸ ಜೋಡಿ ಹಿಡಿಯುವ ಅದಲು ಬದಲು ಉಂಟು. ಅನುಭವಿ ರೈತ ಮೊದಲು ತನ್ನ ಎತ್ತಿನ ಬೆಲೆ ಕಟ್ಟಿಸಿಕೊಳ್ಳುತ್ತಾನೆ, ಆಮೇಲೆ ಎದುರಿನವನ ಎತ್ತಿನ ಮಾತೆತ್ತುತ್ತಾನೆ. ಎರಡನ್ನೂ ಕಲಸಿದರೆ ಸೋತದ್ದು ಎಲ್ಲಿ ಎಂದೇ ತಿಳಿಯುವುದಿಲ್ಲ. ಷೋರೂಮಿನವರು ‘ಎಕ್ಸ್‌ಚೇಂಜ್ ಬೋನಸ್ 30 ಸಾವಿರ’ ಎಂದು ಕೊಟ್ಟು, ಹಳೆಯ ಕಾರಿನ ಬೆಲೆಯಲ್ಲಿ ಅದಕ್ಕಿಂತ ಹೆಚ್ಚು ಕಡಿತ ಮಾಡಿದರೆ ಬೋನಸ್ಸಿನಿಂದ ಬಂದ ಭಾಗ್ಯವೇನು?

ಎತ್ತಿನ ಹಲ್ಲು ನೋಡುವ ವಿದ್ಯೆಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯ್ಗೂಡಿದ್ದು ಎಂದು ರೈತ ದನದ ವಯಸ್ಸನ್ನು ಬಾಯಿ ಬಿಡಿಸಿ ಎಣಿಸುತ್ತಾನೆ. ಮಾರುವವನ ಮಾತಿನ ಮೇಲೆ ಬಿಡುವುದಿಲ್ಲ. ಕಾರಿನ ಹಲ್ಲು ಅದರ ಷಾಸಿ ನಂಬರಿನಲ್ಲಿದೆ. ತಯಾರಾದ ವರ್ಷದ ಸಂಕೇತ ಅದರಲ್ಲಿರುತ್ತದೆ, ನೋಂದಣಿ ಪತ್ರದಲ್ಲಿ ತಯಾರಿಕೆಯ ತಿಂಗಳೂ ವರ್ಷವೂ ನಮೂದಾಗುತ್ತದೆ. ಡಿಸೆಂಬರ್‌ನಲ್ಲಿ ಸಿಗುವ ದೊಡ್ಡ ರಿಯಾಯಿತಿಯ ಹಿಂದಿರುವುದು ಇದೇ. ಜನವರಿ ಬಂದರೆ ಗೋದಾಮಿನ ಕಾರು ಒಂದು ರಾತ್ರಿಯಲ್ಲಿ ‘ಹೋದ ವರ್ಷದ್ದು’ ಆಗುತ್ತದೆ. ಹತ್ತು ವರ್ಷ ಓಡಿಸುವವನಿಗೆ ಇದರಿಂದ ನಷ್ಟವಿಲ್ಲ. ಮೂರೇ ವರ್ಷಕ್ಕೆ ಮಾರುವವನು ಆ ರಿಯಾಯಿತಿಯನ್ನು ಮರುಮಾರಾಟದಲ್ಲಿ ಹಿಂದಿರುಗಿಸಬೇಕಾಗುತ್ತದೆ.

ಡಿಸೆಂಬರ್ ನಡುವಿಗೆ ಧನುರ್ಮಾಸವೂ ಕೂಡಿಕೊಳ್ಳುವುದರಿಂದ ನಮ್ಮ ಕಡೆ ಷೋರೂಮುಗಳು ಇನ್ನಷ್ಟು ಬಿಕೋ ಎನ್ನುತ್ತವೆ. ಆಷಾಢದ ಕಥೆಯೂ ಅದೇ. ಜುಲೈನಲ್ಲಿ ‘ಆಷಾಢ ಆಫರ್’ ಎಂಬ ಬ್ಯಾನರ್ ಕಟ್ಟುವುದು ನಂಬಿಕೆಯಿಂದ ಉಂಟಾದ ಬರವನ್ನು ರಿಯಾಯಿತಿಯಿಂದ ತುಂಬಲು. ಶಕುನ ನಂಬುವ ಹಿರಿಯರಿರುವ ಮನೆಗಳವರು ಆಷಾಢದಲ್ಲೇ ಬೆಲೆ ಬರೆಸಿಕೊಂಡು ಶ್ರಾವಣದಲ್ಲಿ ಗಾಡಿ ಮನೆಗೆ ತರುವ ಜಾಣತನ ತೋರಿಸಬಹುದು. ಆಯುಧಪೂಜೆಗೆ ಕಾರು ಬೇಕೇಬೇಕು ಎನ್ನುವವರಿಗೆ ಮಾತ್ರ ಯಾವ ಡೀಲರೂ ಮಣಿಯುವುದಿಲ್ಲ.

ಇಷ್ಟೆಲ್ಲ ಗುಟ್ಟು ಕೊಳ್ಳುವವನೇ ಬಿಡಿಸಬೇಕೆ? ಅಮೆರಿಕದಲ್ಲಿ 1958ರ ಕಾನೂನು ಹೊಸ ಕಾರಿನ ಗಾಜಿಗೆ ಬೆಲೆ ವಿವರದ ಚೀಟಿ ಅಂಟಿಸುವುದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಸೋಪಿನ ಪೊಟ್ಟಣದ ಮೇಲೆ ಗರಿಷ್ಠ ಬೆಲೆ ಇದೆ, ಕಾರಿನ ಮೇಲಿಲ್ಲ. ಅಲ್ಲಿಯವರೆಗೆ ಕಾಗದವೇ ಆಧಾರ. ಮುಂಗಡ ಕಟ್ಟುವ ಮೊದಲು ಒಪ್ಪಿದ ಒಟ್ಟು ಬೆಲೆ, ಕಾರಿನ ಮಾದರಿ, ತಯಾರಿಕೆಯ ವರ್ಷ, ಕೊಡುವ ದಿನ, ಬೇಡವೆಂದರೆ ಮುಂಗಡ ಹಿಂದಿರುಗಿಸುವ ಷರತ್ತು, ಇವಿಷ್ಟನ್ನೂ ರಸೀದಿಯ ಮೇಲೆ ಬರೆಸಿ ಸೀಲು ಹಾಕಿಸಿಕೊಳ್ಳಬೇಕು. ಮಾತು ತಪ್ಪಿದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಬೆಲೆ 50 ಲಕ್ಷದವರೆಗಿನ ದೂರುಗಳು ಅಲ್ಲಿಗೇ ಹೋಗುತ್ತವೆ. ಐದರಿಂದ ಹತ್ತು ಲಕ್ಷದ ಕಾರಿನ ದೂರಿಗೆ ಶುಲ್ಕ 200 ರೂಪಾಯಿ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ರಸೀದಿ ಇದ್ದರೆ ತಾವೇ ವಾದಿಸಬಹುದು.