ಸೀಮೆಸುಣ್ಣ ಯಾರ ಕೈಯಲ್ಲಿ?

ಕೋಲಾರದ ಮಂಡಿಗೆ ಇಪ್ಪತ್ತೆರಡು ವರ್ಷ ಟೊಮೆಟೊ ಹಾಕಿದವನು ನಾನು. ಹಾಗಾಗಿ ಅಮೆರಿಕದಲ್ಲಿರುವ ಮಗಳು "ಅಪ್ಪಾ, ಶನಿವಾರ ಸ್ಯಾನ್ ಫ್ರಾನ್ಸಿಸ್ಕೊ ರೈತರ ಸಂತೆಗೆ ಹೋಗೋಣ" ಅಂದಾಗ ಗೋಲ್ಡನ್ ಗೇಟ್ ಸೇತುವೆಗೆ ಕರೆದದ್ದಕ್ಕಿಂತ ಹೆಚ್ಚು ಖುಷಿಯಾಯಿತು.

ಫ್ರೀಮಾಂಟಿನಿಂದ ಬಾರ್ಟ್ ರೈಲು ಹತ್ತಿ, ಎಂಬಾರ್ಕಡೆರೊದಲ್ಲಿ ಇಳಿದು ಮೇಲೆ ಬಂದರೆ ಎದುರಿಗೇ ಫೆರಿ ಬಿಲ್ಡಿಂಗಿನ ಗಡಿಯಾರ ಗೋಪುರ. 1898ರ ದೋಣಿ ನಿಲ್ದಾಣ ಅದು. 1930ರ ದಶಕದಲ್ಲಿ ಎರಡು ದೊಡ್ಡ ಸೇತುವೆಗಳು ಬಂದು ದೋಣಿಗೆ ಜನ ಕಡಿಮೆಯಾದರು. ಆಮೇಲೆ ಅದರ ಮುಂದೆಯೇ ಎರಡಂತಸ್ತಿನ ಹೆದ್ದಾರಿ ಎದ್ದಿತು. 1989ರ ಭೂಕಂಪದಲ್ಲಿ ಆ ಹೆದ್ದಾರಿ ಜಖಂಗೊಂಡಿತು. ಅದನ್ನು ಕೆಡವಿದ ಮೇಲೆ ದಡ ಮತ್ತೆ ಊರಿಗೆ ಸಿಕ್ಕಿತು. ಸಂತೆ ಶುರುವಾದದ್ದು ಆಗಲೇ, 1990ರ ದಶಕದ ಆರಂಭದಲ್ಲಿ. ಈ ಕಟ್ಟಡದ ಮಗ್ಗುಲಿಗೆ ಬಂದದ್ದು 2003ರಲ್ಲಿ.

ಬೆಳಿಗ್ಗೆ ಎಂಟು ಗಂಟೆ. ನೀರಿನ ಅಂಚಿಗೇ ಡೇರೆಗಳ ಸಾಲು, ಬಲಕ್ಕೆ ಬೇ ಸೇತುವೆ ಅರ್ಧ ಮಂಜಿನೊಳಗೆ. ಕಿರುಚುತ್ತಿದ್ದದ್ದು ಕಡಲಹಕ್ಕಿಗಳು ಮಾತ್ರ. ಕೂಗುವವರಿಲ್ಲದ ಸಂತೆಯನ್ನು ನಾನು ನೋಡಿದ್ದು ಅದೇ ಮೊದಲು.

ಬೆಳೆಗಾರರ ಅಂಗಡಿಗಳಲ್ಲಿ ಒಂದೊಂದು ಕಾಗದ ತೂಗುಹಾಕಿದ್ದರು. ಕೌಂಟಿಯ ಕೃಷಿ ಕಮಿಷನರ್ ಕಚೇರಿಯ ಪ್ರಮಾಣಪತ್ರ ಅಂತ ಮಗಳು ಓದಿ ಹೇಳಿದಳು. ಹೊಲ ಎಲ್ಲಿದೆ, ಏನೇನು ಬೆಳೆ, ಎಲ್ಲ ಅದರಲ್ಲಿದೆ. ಮಂಡಿಯಲ್ಲಿ ಕೊಂಡ ಮಾಲನ್ನು ತಂದು ತಾನೇ ಬೆಳೆದದ್ದು ಎನ್ನುವಂತಿಲ್ಲ. ಮೊದಲು ಕ್ಯಾಲಿಫೋರ್ನಿಯಾದ ರೈತ ಸರ್ಕಾರ ಹೇಳಿದ ಗಾತ್ರಕ್ಕೆ ಆರಿಸಿ, ಹೇಳಿದ ಪೆಟ್ಟಿಗೆಯಲ್ಲೇ ತುಂಬಬೇಕಿತ್ತಂತೆ. 1977ರಲ್ಲಿ, ಜೆರ್ರಿ ಬ್ರೌನ್ ಗವರ್ನರ್ ಆಗಿದ್ದಾಗ, ನೇರವಾಗಿ ಮಾರುವವರಿಗೆ ಆ ಕಟ್ಟು ಸಡಿಲವಾಯಿತು. (ನಮ್ಮ ಸಂತೆಗಳಿಗೆ ಯಾವ ಕಾನೂನೂ ಬೇಕಿರಲಿಲ್ಲ. ಆದರೆ ಇವತ್ತು ಅಲ್ಲಿ ಕೂತವರಲ್ಲಿ ಬೆಳೆದವರೆಷ್ಟು ಜನ ಅಂತ ಎಣಿಸಲು ಹೋಗಬೇಡಿ.)

ಟೊಮೆಟೊ ಅಂಗಡಿ ಮುಂದೆ ಕಾಲು ತಾನಾಗಿ ನಿಂತಿತು. ನಿಂಬೆಗಿಂತ ಸ್ವಲ್ಪ ದೊಡ್ಡ ಹಣ್ಣು, ತೊಟ್ಟಿನ ಸುತ್ತ ಸಣ್ಣ ಬಿರುಕು. ನಮ್ಮಲ್ಲಾದರೆ ಆರಿಸಿ ಬದಿಗಿಡುವ ಮಾಲು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಪೌಂಡಿಗೆ 5 ಡಾಲರ್. ಕೆಜಿಗೆ ಲೆಕ್ಕ ಹಾಕಿದೆ, 900 ರೂಪಾಯಿ ದಾಟಿತು.

"ಏನಮ್ಮಾ, ಚಿನ್ನದ ನೀರು ಹಾಯಿಸಿದ್ದಾರಾ?" ಅಂದೆ. ಮಗಳು ಅದನ್ನೇ ಇಂಗ್ಲಿಷಿನಲ್ಲಿ ಕೇಳಿಬಿಟ್ಟಳು. ಆತ ನಕ್ಕ. ನೀರೇ ಹಾಯಿಸಿಲ್ಲವಂತೆ!

ಸಾಂಟಾ ಕ್ರೂಜ್ ಕಡೆಯ ಕರಾವಳಿಯ ಬೇಸಾಯ, ಅರ್ಲಿ ಗರ್ಲ್ ತಳಿ. ಸಸಿ ಬೇರು ಹಿಡಿಯುವ ತನಕ ನೀರು, ಆಮೇಲೆ ಬಂದ್. ಚಳಿಗಾಲದ ಮಳೆ ಆಳದಲ್ಲಿ ಇಂಗಿರುತ್ತದೆ. ಆ ಪಸೆ ಆರದಿರಲೆಂದು ಮೇಲ್ಮಣ್ಣನ್ನು ಪುಡಿ ಮಾಡಿ ಹೊದಿಸುತ್ತಾರೆ. ರಾಗಿ ಹೊಲಕ್ಕೆ ನಾವು ಕುಂಟೆ ಹೊಡೆಯುವುದರಲ್ಲೂ ಇದೇ ಗುಟ್ಟಿದೆ. ಕಡಲ ಮಂಜು ಬಿಸಿಲನ್ನು ತಗ್ಗಿಸುತ್ತದೆ, ಗಿಡ ಪಸೆ ಹುಡುಕಿಕೊಂಡು ಬೇರು ಕೆಳಗಿಳಿಸುತ್ತದೆ. ಇಳುವರಿ ಕಡಿಮೆ, ಹಣ್ಣು ಸಣ್ಣದು. ನಾನು ಟೊಮೆಟೊಗೆಂದು 1,300 ಅಡಿ ಕೊರೆಸಿ ಎರಡು ಬೋರು ಬತ್ತಿಸಿಕೊಂಡವನು. ಇಲ್ಲಿ ಕೊರೆಯುವ ಕೆಲಸವನ್ನು ಗಿಡಕ್ಕೇ ಬಿಟ್ಟಿದ್ದಾರೆ. ನಮ್ಮ ಬಿಸಿಲಿಗೆ ಇದು ಆಗದ ಮಾತು, ಗೊತ್ತು.

ಹೊಟ್ಟೆಕಿಚ್ಚಾದದ್ದು ಆ ಹಲಗೆ ನೋಡಿ. ಮಂಡಿಯಲ್ಲಿ 15 ಕೆಜಿ ಬಾಕ್ಸುಗಳನ್ನು ಸಾಲಾಗಿ ಇಳಿಸಿ ನಾವು ಹಿಂದೆ ಕೈಕಟ್ಟಿ ನಿಲ್ಲುತ್ತೇವೆ. ಹರಾಜು ಕೂಗುವವನು ಕೂಗುತ್ತಾನೆ, ಕೊಳ್ಳುವವನು ತಲೆಯಾಡಿಸುತ್ತಾನೆ, ಕೈಗೆ ಚೀಟಿ ಬರುತ್ತದೆ. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿತ್ತು. ಗಾಡಿ ಬಾಡಿಗೆಯೂ ಗಿಟ್ಟದೆ ರಸ್ತೆ ಬದಿ ಸುರಿದು ಬಂದ ವರ್ಷವೂ ಇದೆ. ಆಗಲೂ ಈಗಲೂ "ನಿನಗೆಷ್ಟು ಬೇಕಪ್ಪಾ?" ಅಂತ ನನ್ನನ್ನು ಯಾರೂ ಕೇಳಲಿಲ್ಲ.

ಸಂತೆ ಮುಗಿಯುವ ಹೊತ್ತಿಗೆ, ಒಂದೂವರೆಗೆ, ಮತ್ತೆ ಆ ಕಡೆ ಹಾದೆವು. ಆತ ಹೆಬ್ಬೆರಳಿನಿಂದ 5 ಒರೆಸಿ, ಉಳಿದ ಹಣ್ಣನ್ನೊಮ್ಮೆ ನೋಡಿ, 4 ಬರೆದ. ಬೆರಳ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. ಇಳಿಸಿದವನೂ ಅವನೇ. ನಾವು ಎರಡು ಪೌಂಡು ಕೊಂಡೆವು.

ಮಕ್ಕಳ ಮನೆಗೆಂದು ಆ ಕಡೆ ಹೋಗುವವರು ಆಗಸ್ಟ್‌–ಸೆಪ್ಟೆಂಬರಿನ ಶನಿವಾರ, ಎಂಟರಿಂದ ಎರಡರೊಳಗೆ ಹೋಗಿ ಬನ್ನಿ. ಹಣ್ಣನ್ನು ಫ್ರಿಜ್ಜಿಗೆ ಇಡಬೇಡಿ, ಹೆಚ್ಚಿ ಉಪ್ಪು ಉದುರಿಸಿ ಹಾಗೇ ತಿನ್ನಿ. ಸಾರಿಗೆ ಮಾತ್ರ ಅದು ಆಗುವುದಿಲ್ಲ. ತೀರಾ ಸಿಹಿ, ಹುಳಿ ಸಾಲದು. ಸಾರಿಗೆ ನಮ್ಮ ನಾಟಿ ಟೊಮೆಟೊನೇ ಸರಿ.