ಮುಂಗಡವೆಂಬ ಸಂಕೋಲೆ

ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಅಡಕೆ, ರಬ್ಬರು ತೋಟಗಳ ಮಗ್ಗುಲಲ್ಲಿಯೇ ದಿನಗೂಲಿಯನ್ನೂ ಬೀಡಿಯನ್ನೂ ನಂಬಿದ ಮನೆಗಳಿರುವುವು. ಆಟಿಯ ಮಳೆಯಲ್ಲಿ ಕೂಲಿ ತಪ್ಪಿದರೆ ಅವರಿಗೆ ಸಾಲವೇ ಗತಿ. ಹೆಣ್ಣುಮಕ್ಕಳನ್ನೂ ಎಳೆಯರನ್ನೂ ಸಾಗಿಸುವ ದಲ್ಲಾಳಿಯು ಎಲ್ಲೆಡೆಯೂ ಅರಸುವುದು ಇಂತಹ ಮನೆಗಳನ್ನೇ. ಅವನು ಹಲವು ವೇಳೆ ಪರಿಚಿತನಾಗಿಯೇ ಬರುವನು. ಪಟ್ಟಣದ ಮನೆಗೆಲಸ, ವರದಕ್ಷಿಣೆಯಿಲ್ಲದ ವಿವಾಹ, ಕೈಗೆ ಮುಂಗಡ ಎಂದು ಆಸೆ ತೋರುವನು. ಆ ಮುಂಗಡವೇ ಮುಂದೆ ಸಂಕೋಲೆಯಾಗುವುದು. ಸಂವಿಧಾನದ 23ನೆಯ ವಿಧಿಯು ಮಾನವರ ಮಾರಾಟವನ್ನು ನಿಷೇಧಿಸಿದೆ. ಜೀತಪದ್ಧತಿಯನ್ನು 1976ರ ಕಾಯಿದೆ ರದ್ದುಗೊಳಿಸಿತು. ಆದರೆ ಕಾಯಿದೆಯು ಹಸಿದವರಿಗೆ ಅನ್ನವಿಕ್ಕಲಾರದು. ಮುಂಗಡ ಪಡೆದ ತಾಯಿಯನ್ನು ನಾವು ದೂರುವುದು ಸುಲಭ. ಅವಳಿಗೆ ಬೇರೆ ದಾರಿಯನ್ನು ನಾವು ತೋರಿದೆವೇ? ಸೋದರಿಯರೇ, ನೆರೆಮನೆಯ ಹುಡುಗಿಯು ದೂರದ ಕೆಲಸಕ್ಕೆ ಹೊರಟರೆ, ಕರೆದೊಯ್ಯುವವರಾರು, ವಿಳಾಸವೇನು ಎಂದು ವಿಚಾರಿಸಿರಿ. ಸಂಶಯವುಂಟಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿರಿ. ಅವಳ ಮನೆಯ ಒಲೆ ಉರಿಯುತ್ತಿದೆಯೇ ಎಂಬುದನ್ನೂ ನೋಡಿರಿ.