ಓಕ್ ಮರದ ಋಣ

ನಮ್ಮ ಮನೆಯಲ್ಲಿ ಮಾಂಸಾಹಾರದ ಪದ್ಧತಿಯಿಲ್ಲ. ಆದರೂ ನಾವು ಹಂದಿಯ ತೊಡೆಯೊಂದರ ವೃತ್ತಾಂತವನ್ನು ಬರೆಯಹೊರಟಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ನಾಲಗೆಗೆ ಕಟ್ಟುಪಾಡು ಉಂಟು. ತಿಳಿವಳಿಕೆಗೆ ಅಂಥ ಕಟ್ಟುಪಾಡು ಸಲ್ಲದು. ಸ್ಪೇಯಿನ್ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ರಜೆಯಲ್ಲಿ ನಮ್ಮನ್ನು ನೋಡಲು ಬಂದಿದ್ದನು. “ಮೇಷ್ಟ್ರೇ, ಅಲ್ಲಿಯ ಅಂಗಡಿಯಲ್ಲಿ ಹಂದಿಯ ಎರಡು ತೊಡೆಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿರುತ್ತಾರೆ. ನೋಡುವುದಕ್ಕೆ ಎರಡೂ ಒಂದೇ. ಒಂದರ ಬೆಲೆ ಮಾತ್ರ ಇನ್ನೊಂದರ ಹಲವು ಪಟ್ಟು. ಕೇಳಿದರೆ, ಇದು ಓಕ್ ಕಾಯಿ ತಿಂದ ಹಂದಿ ಎನ್ನುತ್ತಾರೆ. ಬರಿಯ ಕಾಯಿಗೆ ಅಷ್ಟು ಬೆಲೆಯೇ?” ಎಂದು ಕೇಳಿದನು. ನಾವು ಆಗ ಉತ್ತರ ಹೇಳಲಾರದೆ ಹೋದೆವು. ಅನಂತರ ವಿಚಾರಿಸಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಸ್ಪೇಯಿನ್ ದೇಶದ ನೈರುತ್ಯ ಭಾಗದಲ್ಲಿ ಎಸ್ತ್ರೆಮದೂರ, ಆಂದಲೂಸಿಯ ಎಂಬ ಪ್ರಾಂತಗಳಿವೆ. ಅಲ್ಲಿ ‘ದೆಹೇಸ’ ಎಂಬ ಒಂದು ಬಗೆಯ ಭೂಮಿಯುಂಟು. ಅದು ಪೂರ್ಣ ಅರಣ್ಯವೂ ಅಲ್ಲ, ಬಯಲೂ ಅಲ್ಲ. ವಿರಳವಾಗಿ ಓಕ್ ಮರಗಳು ನಿಂತ, ಅವುಗಳ ನಡುವೆ ಹುಲ್ಲು ಬೆಳೆಯುವ ಗೋಮಾಳದಂಥ ನೆಲ. ಇದು ತಾನಾಗಿ ಆದುದಲ್ಲ. ಶತಮಾನಗಳಿಂದ ಜನರು ಕಾಡಿನ ಪೊದೆಗಳನ್ನು ಸವರಿ, ಮರಗಳನ್ನು ಉಳಿಸಿ, ಕೊಂಬೆಗಳನ್ನು ಕಡಿದು ಹದಮಾಡಿ ಇದನ್ನು ಕಾಪಾಡಿಕೊಂಡು ಬಂದಿರುವರು. ಅಲ್ಲಿರುವ ಓಕ್ ಮರಗಳಲ್ಲಿ ಒಂದು ಜಾತಿಯ ತೊಗಟೆಯಿಂದಲೇ ಸೀಸೆಗಳಿಗೆ ಹಾಕುವ ಬಿರಡೆಯನ್ನು ಮಾಡುವುದು. ಆ ತೊಗಟೆಯನ್ನು ಸುಮಾರು ಒಂಬತ್ತು ವರ್ಷಗಳಿಗೊಮ್ಮೆ ಸುಲಿಯುತ್ತಾರೆ. ಮರದ ಕೆಳಗೆ ಕುರಿ, ದನ, ಹಂದಿಗಳು ಮೇಯುತ್ತವೆ.

ಶರತ್ಕಾಲದಲ್ಲಿ ಓಕ್ ಕಾಯಿಗಳು ಬಲಿತು ಉದುರಲಾರಂಭಿಸುತ್ತವೆ. ಆಗ ಇಬೇರಿಯ ತಳಿಯ ಹಂದಿಗಳನ್ನು ಅಲ್ಲಿ ಬಿಡುತ್ತಾರೆ. ಈ ಕಾಲಕ್ಕೆ ‘ಮೊಂತನೇರ’ ಎಂದು ಹೆಸರು. ಹಂದಿಯು ಮರದಿಂದ ಮರಕ್ಕೆ ನಡೆಯುತ್ತ, ಕಾಯಿಯ ಸಿಪ್ಪೆಯನ್ನು ಉಗುಳಿ ತಿರುಳನ್ನು ಮಾತ್ರ ತಿನ್ನುತ್ತದೆ. ಜೊತೆಗೆ ಹಸುರು ಹುಲ್ಲನ್ನೂ ಮೇಯುತ್ತದೆ. ಸ್ಪೇಯಿನ್ ಸರಕಾರದ 2014ರ ಆಜ್ಞೆಯಂತೆ, ಒಳಗೆ ಹೋಗುವ ಹಂದಿಗಳ ಸರಾಸರಿ ತೂಕ 92ರಿಂದ 115 ಕಿಲೋಗ್ರಾಮುಗಳ ನಡುವೆ ಇರಬೇಕು. ಕಡಮೆಯೆಂದರೆ 60 ದಿನ ಮೇಯಬೇಕು. ಆ ಅವಧಿಯಲ್ಲಿ 46 ಕಿಲೋಗ್ರಾಮ್ ಹೆಚ್ಚಬೇಕು. ಒಂದು ಹೆಕ್ಟೇರಿಗೆ ಎಷ್ಟು ಹಂದಿ ಬಿಡಬಹುದೆಂಬುದು ಮರಗಳ ದಟ್ಟಣೆಯನ್ನು ಅವಲಂಬಿಸಿದೆ; ಮರಗಳು ಎಷ್ಟೇ ದಟ್ಟವಾಗಿದ್ದರೂ ಆ ಸಂಖ್ಯೆ ಒಂದೂಕಾಲನ್ನು ಮೀರುವಂತಿಲ್ಲ. ಹಂದಿಯ ಲೆಕ್ಕವನ್ನು ಮರವೇ ಬರೆಯುತ್ತದೆ ಎನ್ನಬಹುದು.

ಓಕ್ ಕಾಯಿಯಲ್ಲಿ ಓಲಿಯಿಕ್ ಆಮ್ಲವೆಂಬ ಸ್ನೇಹಾಂಶ ವಿಶೇಷವಾಗಿರುವುದು. ಆಲಿವ್ ಎಣ್ಣೆಯ ಮುಖ್ಯಾಂಶವೂ ಅದೇ. ಈ ತಳಿಯ ಹಂದಿಗೆ ಕೊಬ್ಬನ್ನು ಮಾಂಸದ ಎಳೆಗಳ ನಡುವೆಯೇ ಸಂಗ್ರಹಿಸುವ ಸ್ವಭಾವ. ಆದಕಾರಣ ಮೇದ ಕಾಯಿಯ ಗುಣವು ಮಾಂಸದೊಳಗೇ ಇಳಿದು, ಅದರ ಕೊಬ್ಬು ಕೈಯ ಬಿಸಿಗೇ ಕರಗುವಷ್ಟು ಮೃದುವಾಗುತ್ತದೆ.

ಇನ್ನು ಪಾಕದ ವಿಷಯ. ಇದರಲ್ಲಿ ಬೆಂಕಿಯ ಕೆಲಸವಿಲ್ಲ. ಉಪ್ಪು, ಗಾಳಿ, ಕಾಲ ಇವು ಮೂರೇ ಇಲ್ಲಿಯ ಬಾಣಸಿಗರು. ಚಳಿಗಾಲದಲ್ಲಿ ಕಡಿದ ತೊಡೆಯನ್ನು ಸಮುದ್ರದ ಉಪ್ಪಿನಲ್ಲಿ ಹೂಳುತ್ತಾರೆ. ಒಂದು ಕಿಲೋಗ್ರಾಮಿಗೆ ಸುಮಾರು ಒಂದು ದಿನದಂತೆ ಲೆಕ್ಕ. ಬಳಿಕ ತೊಳೆದು, ಉಪ್ಪು ಒಳಗೆಲ್ಲ ಸಮನಾಗಿ ಹರಡುವಂತೆ ತಣ್ಣನೆಯ ಕೋಣೆಯಲ್ಲಿ ಕೆಲವು ವಾರ ಇಡುತ್ತಾರೆ. ಅನಂತರ ಬೆಟ್ಟದ ಗಾಳಿ ಆಡುವ ಅಟ್ಟದಲ್ಲಿ ತೂಗುಹಾಕಿ, ಹವೆಯನ್ನು ನೋಡಿ ಕಿಟಕಿಗಳನ್ನು ತೆರೆಯುವುದು, ಮುಚ್ಚುವುದು. ಬೇಸಗೆ ಬಂದಾಗ ತೊಡೆಯು ಬೆವರುತ್ತದೆ. ಕೊಬ್ಬು ಕರಗಿ ಎಳೆಎಳೆಗೂ ಇಳಿಯುತ್ತದೆ. ಕೊನೆಗೆ ತಂಪಾದ ನೆಲಮಾಳಿಗೆಯಲ್ಲಿ ದೀರ್ಘವಾಸ. ಏಳು ಕಿಲೋಗ್ರಾಮ್ ಅಥವಾ ಅದಕ್ಕಿಂತ ಭಾರವಾದ ತೊಡೆಗೆ ಕನಿಷ್ಠ 730 ದಿನಗಳೆಂದು ನಿಯಮ. ಉತ್ತಮವಾದವು ಮೂರು ನಾಲ್ಕು ವರ್ಷ ತೂಗುವುದುಂಟು. ಅಷ್ಟರಲ್ಲಿ ಅದರ ತೂಕದ ಸುಮಾರು ಮೂರರಲ್ಲೊಂದು ಭಾಗ ಗಾಳಿಯ ಪಾಲಾಗಿರುತ್ತದೆ. ಹದವಾಯಿತೇ ಎಂಬುದನ್ನು ಪರೀಕ್ಷಿಸುವವನು ಎಲುಬಿನಿಂದ ಮಾಡಿದ ಒಂದು ಸಣ್ಣ ಕಡ್ಡಿಯನ್ನು ಚುಚ್ಚಿ ತೆಗೆದು ಮೂಸಿ ನೋಡುತ್ತಾನೆ. ಅವನ ಮೂಗೇ ಅಲ್ಲಿ ನ್ಯಾಯಾಧೀಶ.

ಇದೇ ಓಕ್ ಕಾಯಿಯನ್ನು ಕಾಡುಹಂದಿಯೂ ತಿನ್ನುತ್ತದೆಯಷ್ಟೆ. ಅದರ ತೊಡೆಯು ಈ ಪದವಿಗೆ ಏಕೆ ಬಾರದು ಎಂಬ ಪ್ರಶ್ನೆ ಏಳಬಹುದು. ಕಾಡುಹಂದಿಯ ತೊಡೆಯನ್ನೂ ಅಲ್ಲಿ ಉಪ್ಪುಹಾಕಿ ಒಣಗಿಸುವುದುಂಟು. ಆದರೆ ಅದು ಕೊಬ್ಬಿಲ್ಲದ ಬಿಗಿಯಾದ ಮಾಂಸ; ಬೇಗನೆ ಗಡುಸಾಗುವುದು. ಮೇಲಾಗಿ ಅದರಲ್ಲಿ ಟ್ರಿಕಿನೆಲ್ಲ ಎಂಬ ಸೂಕ್ಷ್ಮವಾದ ಹುಳು ಇರಬಹುದಾದುದರಿಂದ ಪರೀಕ್ಷೆಯಿಲ್ಲದೆ ತಿನ್ನಲಾಗದು. ನಮ್ಮ ನಾಡಿಗೂ ಹಂದಿಯ ಪಾಕ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಹಂದಿಯ ರೋಮವನ್ನು ತೆಗೆದು ಸುಡುವ ಕ್ರಮ ವಿವರವಾಗಿದೆ. ಕೊಡಗಿನವರು ಕಾಚಂಪುಳಿಯ ಹುಳಿ ಹಾಕಿ ಬೇಯಿಸುವ ಪಂದಿಕರಿಯನ್ನು ಬಲ್ಲವರು ಬಹಳ ಮಂದಿ. ನಮ್ಮ ಸೆಕೆಯಲ್ಲಿ ಮಾಂಸವನ್ನು ಬೆಂಕಿ ಹುಳಿಗಳಿಂದ ಕಾಯಬೇಕು. ಅವರ ಚಳಿಯಲ್ಲಿ ಉಪ್ಪೊಂದೇ ಕಾಯುತ್ತದೆ.

ಬೆಲೆ ಹೆಚ್ಚಿದಲ್ಲಿ ವಂಚನೆಯೂ ಹೆಚ್ಚುವುದು ಲೋಕದ ರೂಢಿ. ಕಪ್ಪು ಗೊರಸನ್ನು ತೋರಿಸಿ, ಕೊಟ್ಟಿಗೆಯಲ್ಲಿ ಧಾನ್ಯ ತಿಂದ ಹಂದಿಯನ್ನೂ ಓಕ್ ಕಾಯಿಯ ಹಂದಿಯೆಂದು ಮಾರುವುದು ಕಷ್ಟವೇನಲ್ಲ. ಗೊರಸಿನ ಬಣ್ಣ ಮೇವಿಗೆ ಸಾಕ್ಷಿಯಾಗದು. ಅದಕ್ಕಾಗಿಯೇ 2014ರಲ್ಲಿ ನಾಲ್ಕು ಬಣ್ಣದ ಮುದ್ರೆಗಳನ್ನು ವಿಧಿಸಿದರು. ಶುದ್ಧ ಇಬೇರಿಯ ತಳಿಯದಾಗಿ ಓಕ್ ಕಾಯಿ ಮೇದುದಕ್ಕೆ ಕಪ್ಪು. ಮಿಶ್ರ ತಳಿಯದಾಗಿ ಓಕ್ ಕಾಯಿ ಮೇದುದಕ್ಕೆ ಕೆಂಪು. ಬಯಲಿನಲ್ಲಿದ್ದು ಹುಲ್ಲಿನೊಡನೆ ಧಾನ್ಯದ ಮೇವನ್ನೂ ತಿಂದುದಕ್ಕೆ ಹಸುರು. ಧಾನ್ಯದ ಮೇವಿನಿಂದಲೇ ಕೊಟ್ಟಿಗೆಯಲ್ಲಿ ಬೆಳೆದುದಕ್ಕೆ ಬಿಳಿ. ಈ ಮುದ್ರೆಯನ್ನು ವಧಾಗೃಹದಲ್ಲಿಯೇ ಕಾಲಿಗೆ ಬಿಗಿಯುತ್ತಾರೆ. ಕೊಳ್ಳುವ ಗೃಹಸ್ಥನು ಅಂಗಡಿಯವನ ಮಾತನ್ನಲ್ಲ, ಮುದ್ರೆಯನ್ನು ನೋಡತಕ್ಕದ್ದು.

ಆದರೆ ಮುದ್ರೆಯಿಂದ ತಡೆಯಲಾಗದ ಅಪಾಯಗಳೂ ಉಂಟು. 1960ರಲ್ಲಿ ಆಫ್ರಿಕದ ಹಂದಿಜ್ವರವು ಸ್ಪೇಯಿನನ್ನು ಹೊಕ್ಕು, ಅದನ್ನು ನಿರ್ಮೂಲ ಮಾಡುವಷ್ಟರಲ್ಲಿ 1995 ಬಂದಿತ್ತು. 2025ರ ನವೆಂಬರಿನಲ್ಲಿ ಈಶಾನ್ಯದ ಬಾರ್ಸಿಲೋನದ ಬಳಿ ಸತ್ತುಬಿದ್ದ ಕಾಡುಹಂದಿಗಳಲ್ಲಿ ಅದು ಮತ್ತೆ ಕಾಣಿಸಿತು. ಮನುಷ್ಯರಿಗೆ ಅದು ಅಂಟದು. ಹಂದಿಗಳಿಗೆ ಮಾತ್ರ ಮೃತ್ಯುವೇ ಸರಿ. ಹಂದಿಗೆ ಬಂದ ರೋಗವನ್ನಾದರೂ ಮೂವತ್ತೈದು ವರ್ಷ ಹೆಣಗಿ ಒಮ್ಮೆ ಗೆದ್ದರು. ಮರಕ್ಕೆ ಬಂದಿರುವುದು ಇನ್ನೂ ಕಠಿನ. ‘ಸೇಕ’ ಎಂದು ಅಲ್ಲಿಯವರು ಕರೆಯುವ ರೋಗದಲ್ಲಿ ಬೂಷ್ಟಿನಂಥ ಒಂದು ಸೂಕ್ಷ್ಮಜೀವಿಯು ಓಕ್ ಮರದ ಬೇರನ್ನು ಕೊಳೆಸುತ್ತದೆ. ಬರಗಾಲವೂ ಕೂಡಿದರೆ ನಿಂತ ಮರ ನಿಂತಂತೆಯೇ ಒಣಗುವುದು. ಮೇಯುವ ಪ್ರಾಣಿಗಳು ಎಳೆಯ ಸಸಿಗಳನ್ನು ತಿಂದುಬಿಡುವುದರಿಂದ ಮುದಿಮರಗಳ ಜಾಗಕ್ಕೆ ಹೊಸವು ಏಳುವುದೂ ದುರ್ಲಭ. ಸಸಿ ನೆಟ್ಟು, ಸುತ್ತ ಬೇಲಿ ಕಟ್ಟಿ ಕಾದರೂ, ಅದು ತುಂಬ ಕಾಯಿ ಬಿಡುವುದಕ್ಕೆ ದಶಕಗಳು ಬೇಕು. ಇಂದು ನೆಡುವವನು ಆ ಮರದ ಕಾಯಿ ತಿಂದ ಹಂದಿಯನ್ನು ಕಾಣುವುದೇ ಸಂಶಯ.

ನಾವು ಶಿಷ್ಯನಿಗೆ ಹೀಗೆ ಕಾಗದ ಬರೆದೆವು: “ಅಪ್ಪಾ, ನೀನು ಕೇಳಿದ ಬೆಲೆ ಕಾಯಿಯದಲ್ಲ. ಆ ಹಂದಿ ನಡೆದ ನೆಲದ್ದು, ಮೂರು ವರ್ಷ ಕಾದವನ ತಾಳ್ಮೆಯದು. ಅದಕ್ಕೂ ಮೊದಲು, ಯಾರೋ ಮುತ್ತಜ್ಜನು ಕಡಿಯದೆ ಬಿಟ್ಟ ಮರದ್ದು. ಮುಂದಿನ ಸಲ ಅತ್ತ ಹೋದಾಗ ಅಂಗಡಿಯನ್ನು ಬಿಟ್ಟು ದೆಹೇಸವನ್ನು ನೋಡಿ ಬಾ. ಹಳೆಯ ಮರಗಳ ನಡುವೆ ಬೇಲಿ ಕಟ್ಟಿದ ಎಳೆಯ ಸಸಿಗಳು ಇವೆಯೇ, ಎಷ್ಟಿವೆ ಎಂದು ಎಣಿಸಿ ನಮಗೆ ತಿಳಿಸು.” ಅವನ ಉತ್ತರ ಇನ್ನೂ ಬಂದಿಲ್ಲ. ಅದನ್ನು ಕಾಯುತ್ತಿರುವಾಗಲೇ ನಮಗೆ ನಮ್ಮೂರ ಕೆರೆಯ ಹಿಂದಿನ ಹುಣಿಸೆ ತೋಪಿನ ನೆನಪಾಯಿತು. ನಾಳೆ ಬೆಳಗ್ಗೆ ಹೋಗಿ, ಅಲ್ಲಿ ಎಳೆಯ ಗಿಡಗಳೆಷ್ಟಿವೆಯೆಂದು ನಾವೂ ಎಣಿಸಿ ಬರುವವರಿದ್ದೇವೆ.